ಟೈಪ್ ಅತ್ತಿಗೆಯ ಹಳೆಯ ಡಿಸ್ಕ್

ಅವಳ ಕಂಪ್ಯೂಟರ್ ಇದ್ದದ್ದು ಅಡುಗೆಮನೆಗೂ ನಡುಮನೆಗೂ ಮಧ್ಯದ ಸಂದಿಯಲ್ಲಿ. ಮೊದಲು ಅಲ್ಲಿ ಅಕ್ಕಿಯ ಡ್ರಮ್ಮು ಇತ್ತು. ಗಂಡ ಡ್ರಮ್ಮನ್ನು ಬಾಗಿಲ ಹಿಂದಕ್ಕೆ ಸರಿಸಿ, ಮೇಜು ಹಾಕಿಸಿ, ಕುರ್ಚಿಯಲ್ಲಿ ತಾನೇ ಒಮ್ಮೆ ಕೂತು ನೋಡಿ, "ಇಲ್ಲಿ ಕೂತ್ರೆ ಒಲೆ ಚೆನ್ನಾಗಿ ಕಾಣುತ್ತೆ" ಎಂದಿದ್ದ. ಹೆಂಡತಿಯ ಕೆಲಸಕ್ಕೆ ಅವನು ಮಾಡಿಕೊಟ್ಟ ಅನುಕೂಲ ಅದು. ಕಿಟಕಿಯ ಹತ್ತಿರ ಕೂತರೆ ಬೆಳಕು ಇರುತ್ತದೆ ಎಂದು ಅವಳು ಹೇಳಬಹುದಿತ್ತು. ಆದರೆ ಕಿಟಕಿಯ ಹತ್ತಿರ ಟೀವಿ ಇತ್ತು.

ಬೀದಿಗೆಲ್ಲ ಅವಳು ಟೈಪ್ ಅತ್ತಿಗೆ. ಆ ಹೆಸರು ಅಂಟಿಸಿದವನು ಮೈದುನ. ಮನೆಗೆ ಯಾರಾದರೂ ಕೈಬರಹದ ಹಾಳೆ ಹಿಡಿದುಕೊಂಡು ಬಂದರೆ ಅವನು ಬಾಗಿಲಲ್ಲೇ ನಿಂತು, "ಅತ್ತಿಗೆ, ಟೈಪಿಗೆ ಬಂದಿದಾರೆ" ಎಂದು ಒಳಗೆ ಕೂಗುತ್ತಿದ್ದ. ಬಂದವರೂ ಹಾಗೇ ಕರೆಯತೊಡಗಿದರು. ಅವಳಿಗಿಂತ ವಯಸ್ಸಿನಲ್ಲಿ ಎಷ್ಟೋ ದೊಡ್ಡವರು, ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬರುವವರು ಸಹ, "ಅತ್ತಿಗೇ, ನಂದು ಆಯ್ತಾ" ಎನ್ನುತ್ತಿದ್ದರು. ಅವಳು ಮದುವೆಯಾಗಿ ಬಂದಾಗ ಮೈದುನ ಇನ್ನೂ ಶಾಲೆಗೆ ಹೋಗುತ್ತಿದ್ದ. ಅವನ ಊಟದ ಡಬ್ಬಿ ಕಟ್ಟಿದವಳು ಇವಳೇ, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿದವಳು ಇವಳೇ, ಕೀಲಿಮಣೆ ನೋಡದೆ ಬೆರಳಾಡಿಸುವುದನ್ನು ಕಲಿಸಿದವಳೂ ಇವಳೇ. ಅವನು ಕಲಿಯುವುದರಲ್ಲಿ ಚುರುಕು, ಮುಂದುವರಿಸುವುದರಲ್ಲಿ ಸೋಮಾರಿ. ಮೊಬೈಲ್ ರಿಪೇರಿ ಆಯಿತು, ಕೊರಿಯರ್ ಆಯಿತು, ನೀರಿನ ಫಿಲ್ಟರ್ ಮಾರಾಟ ಆಯಿತು. ಎಲ್ಲ ಕಡೆಯಿಂದಲೂ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬಂದ.

ಕಂಪ್ಯೂಟರು ಗಂಡನ ಗೋದಾಮಿನ ಆಫೀಸಿನಲ್ಲಿ ಹಳತಾಯಿತೆಂದು ಹೊರಹಾಕಿದ್ದು. ಬೆಳಿಗ್ಗೆ ಅವಳು ಗುಂಡಿ ಒತ್ತಿ, ಒಲೆಗೆ ಕುಕ್ಕರ್ ಏರಿಸಿ, ತರಕಾರಿ ಹೆಚ್ಚಿ, ಅತ್ತೆಯ ಮಾತ್ರೆ ಕೊಟ್ಟು, ಮಗಳ ಜಡೆ ಹಾಕಿ ಬರುವ ಹೊತ್ತಿಗೆ ಅದು ಎದ್ದು ಕೂತಿರುತ್ತಿತ್ತು. ಡಿಸ್ಕು ಹಲ್ಲು ಕಡಿದ ಹಾಗೆ ಕರಕರ ಎನ್ನುತ್ತಿತ್ತು. ಅಷ್ಟು ನಿಧಾನದ ಯಂತ್ರದ ಹತ್ತಿರ ಮನೆಯಲ್ಲಿ ಮತ್ಯಾರೂ ಸುಳಿಯುತ್ತಿರಲಿಲ್ಲ. ಹಾಗಾಗಿ ಅದು ಅವಳದಾಗಿ ಉಳಿದಿತ್ತು.

ಯಂತ್ರ ನಿಧಾನವಾದರೂ ಅವಳು ನಿಧಾನದವಳಲ್ಲ. ಅವಳ ವೇಗದ ಗುಟ್ಟು ಅದರೊಳಗೆ ಅವಳು ವರ್ಷಗಟ್ಟಲೆ ಕೂಡಿಸಿಟ್ಟಿದ್ದ ಶಾರ್ಟ್‌ಕಟ್ಟುಗಳಲ್ಲಿತ್ತು. 'ಮೇವಿ' ಎಂದು ಹೊಡೆದು ಜಾಗ ಬಿಟ್ಟರೆ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ತೆರೆಯ ಮೇಲೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. 'ಸ್ಥಿಚ' ಎಂದರೆ 'ಸ್ಥಿರ ಮತ್ತು ಚರ ಸ್ವತ್ತುಗಳ ಮೇಲಿನ ಹಕ್ಕು'. ಹೀಗೆ ಬಾಡಿಗೆ ಕರಾರಿನವು, ಶಾಲೆಯ ಪ್ರಶ್ನೆಪತ್ರಿಕೆಯವು, ಕಾಲೇಜಿನ ಪ್ರಬಂಧಗಳವು. ಹೊಸ ತರದ ಬರಹ ಬಂದಾಗಲೆಲ್ಲ ಅದರಲ್ಲಿ ಮತ್ತೆ ಮತ್ತೆ ಬರುವ ಮಾತು ಯಾವುದು ಎಂದು ಕಣ್ಣಿಟ್ಟು, ಅದಕ್ಕೊಂದು ಗಿಡ್ಡ ಹೆಸರಿಟ್ಟು ಸೇರಿಸುತ್ತಿದ್ದಳು. ಹೊಲಿಗೆಯವರು ಬಣ್ಣಬಣ್ಣದ ದಾರ ಹೊಂದಿಸಿಟ್ಟುಕೊಂಡ ಹಾಗೆ.

ಅವುಗಳಲ್ಲಿ ಒಂದು ಮಾತ್ರ ಯಾರ ಬರಹದಿಂದಲೂ ಬಂದದ್ದಲ್ಲ. ಕೆಲಸದ ನಡುವೆ ಹಾಲು, ಕುಕ್ಕರು, ಬಾಗಿಲ ಗಂಟೆ, ಅತ್ತೆಯ ಕರೆ ಎಂದು ಎದ್ದು ಹೋಗಬೇಕಾಗುತ್ತಿತ್ತು. ಮರಳಿ ಬಂದರೆ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕುವುದರಲ್ಲೇ ತಲೆ ಬಿಸಿಯಾಗುತ್ತಿತ್ತು. ಅದಕ್ಕೆ ಒಂದು ಗುರುತು ಮಾಡಿಕೊಂಡಳು. ಕಾಮಾ ಕೀಯನ್ನು ಒಟ್ಟಿಗೆ ಎರಡು ಸಲ ಒತ್ತಿ ಜಾಗ ಬಿಟ್ಟರೆ 'ಇಲ್ಲಿಂದ ಎದ್ದೆ, ಒಲೆ ಮೇಲೆ ಹಾಲಿದೆ' ಎಂದು ಮೂಡುತ್ತಿತ್ತು. ಯಾವ ಬರಹದಲ್ಲೂ ಎರಡು ಕಾಮಾ ಜೊತೆಗೆ ಬರುವುದಿಲ್ಲವಲ್ಲ. ಬಂದು ಕೂತು, ಆ ಸಾಲು ಹುಡುಕಿ, ಅಳಿಸಿ, ಮುಂದುವರಿಸುವುದು. ಹಾಲೇ ಆಗಬೇಕೆಂದಿಲ್ಲ, ಯಾವ ಕಾರಣಕ್ಕೆ ಎದ್ದರೂ ಅದೇ ಸಾಲು. ಮಗಳು ಅದನ್ನು ನೋಡಿ ನಗುತ್ತಿದ್ದಳು. "ಅಮ್ಮ, ನಿನ್ನ ಹಾಲು ಯಾವತ್ತಾದ್ರೂ ಕಾಯತ್ತಾ?"

ಆ ಯಂತ್ರಕ್ಕೆ ದಮ್ಮು ಸಾಲದು ಎಂದು ಅವಳಿಗೆ ಖಾತ್ರಿಯಾದದ್ದು ವಕೀಲರ ಪುಸ್ತಕ ಬಂದಾಗ. ನಿವೃತ್ತ ವಕೀಲರೊಬ್ಬರು ಕುಟುಂಬದ ಆಸ್ತಿಯ ಕಾನೂನನ್ನು ಜನಸಾಮಾನ್ಯರಿಗೆ ತಿಳಿಯುವಂತೆ ಬರೆದಿದ್ದರು. ಅಚ್ಚು ಹಾಕಲು ಒಪ್ಪಿಕೊಂಡಿದ್ದ ಪ್ರೆಸ್ಸಿನ ಯಜಮಾನರು ಹಸ್ತಪ್ರತಿಯ ಕಟ್ಟನ್ನು ಅವಳ ಮೇಜಿನ ಮೇಲಿಟ್ಟು, "ಇದನ್ನ ಚೆನ್ನಾಗಿ ಮಾಡಿಕೊಟ್ರೆ ಇನ್ಮೇಲೆ ನಮ್ಮ ಪ್ರೆಸ್ಸಿನ ಪುಸ್ತಕ ಎಲ್ಲಾ ನಿಮ್ಮ ಹತ್ರಾನೇ, ಅತ್ತಿಗೆ" ಎಂದರು. ಬಾಡಿಗೆ ಕರಾರು, ರಜಾ ಅರ್ಜಿ ಟೈಪು ಮಾಡಿಕೊಂಡೇ ಬಂದವಳು ಅವಳು. ಪುಸ್ತಕ ಎಂದರೆ ಬೇರೆ. ಪುಸ್ತಕದ ಮೊದಲ ಪುಟದ ಹಿಂದೆ 'ಅಕ್ಷರ ಜೋಡಣೆ' ಎಂದು ಒಂದು ಸಾಲು ಇರುತ್ತದೆ, ಅದರ ಮುಂದೆ ಒಂದು ಹೆಸರು ಇರುತ್ತದೆ. ಅವಳು ಅಷ್ಟು ಪುಸ್ತಕ ಓದಿದ್ದರೂ ಆ ಸಾಲನ್ನು ಆಗಲೇ ಮೊದಲ ಸಲ ಗಮನಿಸಿದ್ದು.

ಪುಸ್ತಕ ಬೆಳೆದಂತೆ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಪಾತ್ರೆ ತೊಳೆದು ಮುಗಿಸಬಹುದಿತ್ತು. ಅವಳು ಗಂಡನಿಗೆ ಹೇಳಿದಳು.

"ರೀ, ಇದಕ್ಕೆ ರ‍್ಯಾಮ್ ಜಾಸ್ತಿ ಹಾಕಿಸ್ಬೇಕು. ಡಿಸ್ಕೂ ಬದಲಾಯಿಸ್ಬೇಕು. ನನ್ನ ದುಡ್ಡಲ್ಲೇ ಹಾಕಿಸ್ತೀನಿ."

"ನೀನು ಮಾಡೋದು ಟೈಪಿಂಗು. ಅದಕ್ಕೆ ರಾಕೆಟ್ ಬೇಕಾ?"

"ರಾಕೆಟ್ ಬೇಡ. ಎತ್ತಿನಗಾಡಿ ಆದ್ರೂ ಸಾಕು. ಇದು ಎತ್ತು ಇಲ್ಲದ ಗಾಡಿ."

ಅವನು ನಕ್ಕ. ಮಾರನೆಯ ವಾರ ರಿಪೇರಿಯವನನ್ನು ತಾನೇ ಕರೆದುಕೊಂಡು ಬಂದ. ಅವಳಿಗೆ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಆ ಸಂತೋಷ ನೆನಪಾದಾಗಲೆಲ್ಲ ಈಗ ಅವಳಿಗೆ ಮೈ ಉರಿಯುತ್ತದೆ.

ರಿಪೇರಿಯವನು ಡಬ್ಬದ ಪಕ್ಕದ ತಗಡು ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ಫ್ಯಾನಿನ ರೆಕ್ಕೆಗಳಿಗೆ ಎಣ್ಣೆಯ ಹೊಗೆ, ಹಿಟ್ಟಿನ ಧೂಳು ಸೇರಿ ಅಂಟಿನಂತೆ ಕಟ್ಟಿತ್ತು. "ಇದೇನು ಕಂಪ್ಯೂಟರಾ, ಚಿಮಣಿನಾ ಅಕ್ಕ?" ಎಂದ. ಅವಳು ಅವನ ಕೈಯನ್ನೇ ನೋಡುತ್ತ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಯಾವ ಸ್ಕ್ರೂ ಎಲ್ಲಿ, ಯಾವ ತಂತಿ ಯಾವುದಕ್ಕೆ, ಡಿಸ್ಕು ಯಾವ ಗೂಡಿನಲ್ಲಿ ಕೂತಿದೆ. ಅವನು ಬ್ರಷ್ಷಿನಿಂದ ಧೂಳು ಹೊಡೆದು, "ಬೋರ್ಡು ಚೆನ್ನಾಗಿದೆ. ಮುದುಕಿ ಗಟ್ಟಿ ಇದಾಳೆ. ಇನ್ನೂ ಕೆಲವು ವರ್ಷ ಓಡ್ತಾಳೆ" ಎಂದ.

"ಯಾರಿಗಪ್ಪ ಅದು ಅಂತಿರೋದು?" ಎಂದರು ನಡುಮನೆಯಿಂದ ಅತ್ತೆ.

ಎಲ್ಲರೂ ನಕ್ಕರು. ಅದೊಂದು ಒಳ್ಳೆಯ ಸಂಜೆ.

ಅವಳು ಕೂಡಿಟ್ಟ ದುಡ್ಡನ್ನು ರಿಪೇರಿಯವನ ಕೈಗೆ ಎಣಿಸಿಕೊಟ್ಟಳು, ಯಂತ್ರವನ್ನು ಅವನ ಅಂಗಡಿಗೆ ಒಯ್ಯುವುದೆಂದಾಯಿತು. ಅವಳೂ ಹೋಗುತ್ತೇನೆಂದಳು. ಆದರೆ ಅದೇ ವಾರ ಮೈದುನ ಅಂಗಡಿ ತೆರೆಯುವವನಿದ್ದ. ಮಾರುಕಟ್ಟೆ ಬೀದಿಯಲ್ಲಿ ಜೆರಾಕ್ಸು, ಪ್ರಿಂಟು, ಫೋಟೋ ಲ್ಯಾಮಿನೇಷನ್ನಿನ ಅಂಗಡಿ ಎಂದು ಅವಳಿಗೆ ಹೇಳಿದ್ದರು. ಕೊನೆಗೂ ಅವನು ಒಂದು ಕಡೆ ನಿಲ್ಲುತ್ತಾನಲ್ಲ ಎಂದು ಅವಳೂ ಹಿಗ್ಗಿದ್ದಳು. ಬರುವವರಿಗೆಲ್ಲ ಅಡುಗೆ ಆಗಬೇಕಿತ್ತು, ಆ ಅಡುಗೆ ಅವಳೇ ಮಾಡಬೇಕಿತ್ತು.

"ನೀನು ಅಲ್ಲಿಗೆ ಬಂದು ಕೂತ್ರೆ ಇಲ್ಲಿ ಯಾರು ನೋಡ್ತಾರೆ?" ಎಂದ ಗಂಡ. "ನಾನಿಲ್ವಾ?"

"ಹಳೇ ಡಿಸ್ಕಲ್ಲಿ ಇರೋದೆಲ್ಲ ಹೊಸದಕ್ಕೆ ಬರ್ಬೇಕು. ನನ್ನ ಶಾರ್ಟ್‌ಕಟ್ ಪಟ್ಟಿ, ವಕೀಲರ ಪುಸ್ತಕ, ಎಲ್ಲಾ. ಮರೀಬೇಡಿ."

"ಎಷ್ಟು ಸಲ ಹೇಳ್ತೀಯ? ಮಗು ಅಂದ್ಕೊಂಡಿದೀಯಾ ನನ್ನ?"

ಅಂಗಡಿ ತೆರೆದ ದಿನ ಅವಳು ದೊಡ್ಡ ಪಾತ್ರೆಗಳನ್ನು ಆಟೋದಲ್ಲಿ ಇಟ್ಟುಕೊಂಡು ಹೋಗಿ, ಬಂದವರಿಗೆಲ್ಲ ನಿಂತು ಬಡಿಸಿದಳು, ಚಹಾ ಹಂಚಿದಳು. ಯಾರದೋ ಮೊಣಕೈ ತಗುಲಿ ಒಂದು ಲೋಟ ಚಹಾ ಹೊಸ ಕೀಬೋರ್ಡಿನ ಮೇಲೆ ಚೆಲ್ಲಿತು. ಅದನ್ನು ಸೆರಗಿನಿಂದ ಒರೆಸಿದವಳೂ ಅವಳೇ. ಮೇಜಿನ ಕೆಳಗೆ ಡಬ್ಬ ಕರಕರ ಎನ್ನುತ್ತಿತ್ತು. ತೆರೆಯ ಮೇಲೆ ಬಟ್ಟೆ ಹೊದಿಸಿದ್ದರು. ಎಲ್ಲ ಡಿಸ್ಕುಗಳೂ ಹೀಗೇ ಹಲ್ಲು ಕಡಿಯುತ್ತವೆ ಎಂದುಕೊಂಡು ಅವಳು ಖಾಲಿ ಲೋಟಗಳನ್ನು ಬಕೆಟ್ಟಿಗೆ ತುಂಬಿದಳು.

ಅದಾದ ಮೇಲೆ ಅವಳ ಕಂಪ್ಯೂಟರ್ ಮನೆಗೆ ಬಂತು. ಗುಂಡಿ ಒತ್ತಿ ಒಲೆಯ ಕಡೆ ತಿರುಗುವಷ್ಟರಲ್ಲಿ ತೆರೆ ಬೆಳಗಿತು. ಸದ್ದೇ ಇಲ್ಲ. ಮಗಳು ಚಪ್ಪಾಳೆ ತಟ್ಟಿದಳು. ಅವಳು ಕೂತು ಬರಹದ ಕಡತ ತೆರೆದು, 'ಮೇವಿ' ಎಂದು ಹೊಡೆದಳು. 'ಮೇವಿ' ಎಂದೇ ಉಳಿಯಿತು. 'ಸ್ಥಿಚ' ಹೊಡೆದಳು. ಅದೂ ಹಾಗೇ, ಅರ್ಥವಿಲ್ಲದ ಎರಡಕ್ಷರ. ವಕೀಲರ ಪುಸ್ತಕದ ಕಡತ ಹುಡುಕಿದಳು. ಇರಲಿಲ್ಲ.

"ಹಳೇ ಡಿಸ್ಕ್ ಸತ್ತೇ ಹೋಗಿತ್ತಂತೆ" ಎಂದ ಗಂಡ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ. "ರಿಪೇರಿಯವನು ತುಂಬಾ ಒದ್ದಾಡಿದ, ಪಾಪ."

"ಫೋಟೋ ಎಲ್ಲಾ ಬಂದಿದೆಯಲ್ರೀ. ಇವಳ ಪ್ರಾಜೆಕ್ಟೂ ಬಂದಿದೆ. ನಿಮ್ಮ ಆಫೀಸಿನ ಹಳೇ ಫೈಲುಗಳೂ ಇವೆ."

"ಆ ಭಾಗ ಚೆನ್ನಾಗಿತ್ತಂತೆ. ನಿನ್ನ ಭಾಗವೇ ಹಾಳಾಗಿತ್ತಂತೆ."

ಬೇರೆ ಯಾವ ಮನೆಯಲ್ಲಾದರೂ ಈ ಮಾತಿಗೆ ಹೆಂಗಸು ಹುಬ್ಬೇರಿಸುತ್ತಿದ್ದಳೋ ಏನೋ. ಅವಳು ನಂಬಿದಳು. ಆ ಮನೆಯಲ್ಲಿ ಸೀಳು ಬಿಟ್ಟ ಲೋಟ ಅವಳದಾಗುತ್ತಿತ್ತು, ತಳ ಹಿಡಿದ ಅನ್ನ ಅವಳ ತಟ್ಟೆಗೆ ಬೀಳುತ್ತಿತ್ತು, ಹೊದಿಕೆಯ ಹರಿದ ತುದಿ ಅವಳ ಕಡೆಗೆ ಬರುತ್ತಿತ್ತು. ಡಿಸ್ಕಿನಲ್ಲೂ ಹಾಳಾದದ್ದು ತನ್ನ ಭಾಗವೇ ಎಂದರೆ ಅದರಲ್ಲಿ ಅನುಮಾನ ಪಡುವಂಥದ್ದು ಅವಳಿಗೆ ಏನೂ ಕಾಣಲಿಲ್ಲ. ರಿಪೇರಿಯವನಿಗೆ ಫೋನು ಮಾಡಿದಳು. ಅವನು, "ಸರ್ ಹೇಳಿದ್ರಲ್ಲ ಅಕ್ಕ, ಹಾಗೇ" ಎಂದು ಗಡಿಬಿಡಿಯಲ್ಲಿ ಇಟ್ಟುಬಿಟ್ಟ.

ಪುಸ್ತಕವನ್ನು ಮೊದಲಿನಿಂದ ಶುರು ಮಾಡಿದಳು. ಈಗ ಯಂತ್ರ ಓಡುತ್ತಿತ್ತು, ಅವಳ ಕೈ ಕುಂಟುತ್ತಿತ್ತು. 'ಸ್ಥಿರ ಮತ್ತು ಚರ ಸ್ವತ್ತುಗಳ ಮೇಲಿನ ಹಕ್ಕು' ಎಂದು ಪ್ರತಿ ಸಲವೂ ಪೂರ್ತಿ ಹೊಡೆಯಬೇಕು. ಬೆರಳುಗಳು ಅಭ್ಯಾಸದಿಂದ ಎರಡಕ್ಷರ ಹೊಡೆದು ಕಾಯುತ್ತಿದ್ದವು, ಕೂಗಿದರೂ ಬಾರದ ಮಕ್ಕಳಿಗಾಗಿ ಕಾದ ಹಾಗೆ. ಅದರ ಮೇಲೆ ಯಂತ್ರ ವೇಗವಾಯಿತೆಂದು ಎಲ್ಲರಿಗೂ ಅದು ಬೇಕಾಯಿತು. ಸಂಜೆ ಗಂಡ ಕೂತು ಸಿನಿಮಾ ನೋಡಿದ. ಅವಳು ನಿಂತುಕೊಂಡೇ ಚಪಾತಿ ಲಟ್ಟಿಸುತ್ತ ತನ್ನ ಕುರ್ಚಿ ಖಾಲಿಯಾಗಲೆಂದು ಕಾದಳು.

ಪ್ರೆಸ್ಸಿನ ಯಜಮಾನರು ಒಮ್ಮೆ ಬಂದು ನೋಡಿದರು, ಇನ್ನೊಮ್ಮೆ ಬಂದು ನೋಡಿದರು, ಮೂರನೆಯ ಸಲ ಹಸ್ತಪ್ರತಿಯ ಕಟ್ಟನ್ನು ಎತ್ತಿಕೊಂಡರು. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ವಕೀಲರಿಗೂ ವಯಸ್ಸಾಗಿದೆ. ಕಣ್ಣಿರೋವಾಗ್ಲೇ ಪುಸ್ತಕ ನೋಡ್ಬೇಕು ಅಂತಾರೆ." ಅವಳು ಕಟ್ಟಿಗೆ ಸುತ್ತಿದ್ದ ದಾರವನ್ನು ಸರಿಯಾಗಿ ಬಿಗಿದು ಕೊಟ್ಟಳು.

ಎಷ್ಟೋ ದಿನದ ಮೇಲೆ ಅವರೇ ಮತ್ತೆ ಬಂದರು. ಕೈಯಲ್ಲಿ ಕರಡು ಪುಟಗಳಿದ್ದವು. "ಕಂಪೋಸು ಬೇರೆ ಕಡೆ ಮಾಡಿಸ್ದೆ. ಬೇಗ ಮಾಡಿದಾರೆ, ಆದ್ರೆ ತಪ್ಪು ಬಹಳ. ಪ್ರೂಫು ನೀವೇ ನೋಡ್ಕೊಡಿ. ನಿಮ್ಮ ಕಣ್ಣಿಗೆ ಬೀಳದ್ದು ಇಲ್ಲ."

ಯಾರ ಹತ್ತಿರ ಮಾಡಿಸಿದಿರಿ ಎಂದು ಕೇಳಲು ಅಳುಕಾಗಿ ಅವಳು ಕೇಳಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು, ಕೆಂಪು ಪೆನ್ನು ಹಿಡಿದು ನೆಲದ ಮೇಲೆ ಕೂತಳು. ಒತ್ತು ಬಿಟ್ಟಿತ್ತು, ದೀರ್ಘ ಬಿಟ್ಟಿತ್ತು, ಸಾಲು ಎರಡು ಸಲ ಬಂದಿತ್ತು. ಎಲ್ಲ ಮಾಮೂಲು. ಆಸ್ತಿ ವಿಭಾಗದ ಅಧ್ಯಾಯದಲ್ಲಿ ಒಂದು ಕಡೆ ಹೀಗಿತ್ತು: 'ವಿಭಾಗದ ಕಾಲಕ್ಕೆ ಪತ್ನಿಗೆ ಸಲ್ಲತಕ್ಕ ಪಾಲು ಇಲ್ಲಿಂದ ಎದ್ದೆ, ಒಲೆ ಮೇಲೆ ಹಾಲಿದೆ ಮತ್ತು ಆಕೆಯ ಒಪ್ಪಿಗೆಯಿಲ್ಲದೆ ಪರಭಾರೆ ಮಾಡತಕ್ಕದ್ದಲ್ಲ.'

ಮಗಳು ಅವಳ ಬೆನ್ನ ಹಿಂದಿನಿಂದ ಬಗ್ಗಿ ಓದಿ ಜೋರಾಗಿ ನಕ್ಕಳು. "ಅಮ್ಮ, ವಕೀಲರ ಮನೇಲೂ ಹಾಲು ಉಕ್ತಾ ಇದೆ ನೋಡು."

ಆಮೇಲೆ ನಗು ಅರ್ಧಕ್ಕೇ ನಿಂತಿತು. "ಅಮ್ಮ, ಇದು ನಿಂದಲ್ವಾ?"

ಅವಳು ಪುಟ ತಿರುಗಿಸಿದಳು. ಇನ್ನೊಂದು ಕಡೆ ಇತ್ತು. ಮತ್ತೊಂದು ಕಡೆ. ಸತ್ತ ಡಿಸ್ಕಿನ ಹಾಳಾದ ಭಾಗ ಎಲ್ಲೋ ಕೂತು ಅವಳ ಮಾತನ್ನು ಅವಳಿಗೇ ಹೇಳುತ್ತಿತ್ತು. ಪೆನ್ನಿನ ಮುಚ್ಚಳ ಹಾಕಿ ಪ್ರೆಸ್ಸಿಗೆ ಫೋನು ಮಾಡಿದಳು.

"ಕಂಪೋಸು ಎಲ್ಲಿ ಮಾಡಿಸಿದ್ರಿ ಅಂದ್ರಿ?"

"ನಿಮ್ಮ ಮೈದುನನ ಅಂಗಡೀಲೇ ಅತ್ತಿಗೆ. ಒಂದೇ ಮನೆ ತಾನೇ. ನಿಮ್ಮ ಯಜಮಾನ್ರೇ ಬಂದು ಹೇಳಿದ್ರು, ಇನ್ಮೇಲೆ ಕೆಲಸ ಎಲ್ಲಾ ಅಲ್ಲಿಗೇ ಕೊಡಿ ಅಂತ. ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ, ಗೊತ್ತಿದೆ" ಎಂದಳು. ಹಾಗೇಕೆ ಅಂದೆ ಎಂದು ಆಮೇಲೆ ತುಂಬ ಯೋಚಿಸಿದಳು. ಮನೆಯ ಮಾನ ಮುಚ್ಚುವ ಕೆಲಸವೂ ಕೈಗೆ ಅಂಟಿಬಿಟ್ಟಿತ್ತು, ಪಾತ್ರೆ ತೊಳೆದ ಹಾಗೆ.

ಮಗಳಿಗೆ ಒಲೆ ನೋಡಿಕೊಳ್ಳಲು ಹೇಳಿ ಮಾರುಕಟ್ಟೆ ಬೀದಿಗೆ ಹೊರಟಳು. ಅಂಗಡಿಯಲ್ಲಿ ಮೈದುನ ಇರಲಿಲ್ಲ. ಕಂಪ್ಯೂಟರಿನ ಮುಂದೆ ಸಂಬಳಕ್ಕಿದ್ದ ಹೆಂಗಸು ಕೂತು ಟೈಪು ಮಾಡುತ್ತಿದ್ದಳು. ತೆರೆಯ ಮೇಲೆ ಬಟ್ಟೆ ಇರಲಿಲ್ಲ. ಅಲ್ಲಿ ತನ್ನ ಮಗಳು ಚಿಕ್ಕವಳಿದ್ದಾಗ ಬಿಡಿಸಿದ ವಕ್ರ ಹೂವಿನ ಚಿತ್ರವಿತ್ತು. ಅದರ ಮೇಲೆ ತಾನು ಹೆಸರಿಟ್ಟ ಫೋಲ್ಡರುಗಳು, ತಾನು ಇಟ್ಟ ಕ್ರಮದಲ್ಲೇ.

"ಏನು ಟೈಪು ಆಗ್ಬೇಕಿತ್ತು ಅಕ್ಕ?" ಎಂದಳು ಆ ಹೆಂಗಸು.

"ಕೆಲಸ ಹೇಗಿದೆ?"

"ಸುಲಭ ಇದೆ. ಇದರಲ್ಲಿ ಯಾರೋ ಪುಣ್ಯಾತ್ಮರು ಎಲ್ಲಾ ಜೋಡಿಸಿಟ್ಟಿದಾರೆ. ಎರಡಕ್ಷರ ಹೊಡೆದ್ರೆ ಇಡೀ ಸಾಲು ಬರುತ್ತೆ. ಒಂದೇ ತೊಂದ್ರೆ, ಕಾಮಾ ಕೀ ಅಂಟ್ಕೊಳತ್ತೆ, ಚಹಾ ಬಿದ್ದಿತ್ತಂತೆ. ಅದು ಎರಡು ಸಲ ಬಿದ್ರೆ ಏನೋ ಹಾಲು ಅಂತ ಬರುತ್ತೆ. ಕೆಲವು ಅಳಿಸ್ತೀನಿ, ಕೆಲವು ತಪ್ಪಿಹೋಗುತ್ತೆ." ಆಮೇಲೆ ದನಿ ತಗ್ಗಿಸಿ, "ಯಾರೋ ಹೆಂಗಸೇ ಇರ್ಬೇಕು ಅಕ್ಕ. ಗಂಡಸಿಗೆ ಹಾಲಿನ ನೆನಪು ಎಲ್ಲಿರುತ್ತೆ" ಎಂದು ನಕ್ಕಳು.

ಅಷ್ಟರಲ್ಲಿ ಮೈದುನ ಬಂದ. ಅತ್ತಿಗೆಯನ್ನು ನೋಡಿದವನೇ ಕೈಯಲ್ಲಿದ್ದ ಕಾಗದದ ಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಅಣ್ಣ ಹೇಳ್ಲಿಲ್ವಾ ಅತ್ತಿಗೆ? ಹೇಳಿದೀನಿ ಅಂದಿದ್ದ. ನಿಮಗೆ ಸಾಕಾಗಿದೆ, ಟೈಪಿಂಗು ಬಿಟ್ಟುಬಿಡ್ತೀರ ಅಂತ."

"ನೀನು ನನ್ನ ಕೇಳಿದ್ಯಾ?"

"ಅಣ್ಣ ಹೇಳಿದ್ಮೇಲೆ ನಾನೇನು ಕೇಳ್ಲಿ?"

"ಅಂಗಡಿ ತೆರೆದ ದಿನ ಬಟ್ಟೆ ಯಾಕೆ ಹೊದಿಸಿದ್ದೆ?"

ಉಳಿದದ್ದಕ್ಕೆಲ್ಲ ಅವನ ಬಳಿ ಅಣ್ಣನಿದ್ದ, ಬಟ್ಟೆಗೆ ಮಾತ್ರ ಯಾರೂ ಇರಲಿಲ್ಲ.

"ಡಿಸ್ಕ್ ಬಿಚ್ಚು" ಎಂದಳು.

"ಅಣ್ಣನನ್ನ ಒಂದು ಮಾತು..."

"ಅಣ್ಣನ ಡಿಸ್ಕಲ್ಲ ಅದು."

"ಪುಸ್ತಕ ಮುಗೀಲಿ ಅತ್ತಿಗೆ. ಇನ್ನೇನು ಪ್ರೂಫಲ್ಲಿದೆ."

"ಪ್ರೂಫು ನನ್ನ ಹತ್ರಾನೇ ಇದೆ. ಪುಸ್ತಕದ ಫೈಲು ಪೆನ್ ಡ್ರೈವಿಗೆ ಹಾಕ್ಕೋ. ಅದು ವಕೀಲರದು. ಮಿಕ್ಕಿದ್ದು ನಂದು."

ಅವನು ಅಲುಗಾಡದೇ ಇದ್ದಾಗ ಟೈಪು ಮಾಡುವ ಹೆಂಗಸೇ ಪೆನ್ ಡ್ರೈವು ಚುಚ್ಚಿ ಫೈಲು ಇಳಿಸಿಕೊಂಡಳು. ಅವಳ ಮುಖದಲ್ಲಿ ನಗು ಆರಿಹೋಗಿತ್ತು. ಅತ್ತಿಗೆ ಅಂಗಡಿಯ ಸ್ಕ್ರೂಡ್ರೈವರ್ ಎತ್ತಿಕೊಂಡು ಮೇಜಿನ ಕೆಳಗೆ ಮಂಡಿಯೂರಿದಳು, ಆ ಹೆಂಗಸು ಟಾರ್ಚು ಹಿಡಿದಳು. ಯಾವ ಸ್ಕ್ರೂ ಎಲ್ಲಿ, ಯಾವ ತಂತಿ ಯಾವುದಕ್ಕೆ, ಅತ್ತಿಗೆ ಅಂದು ನೋಡಿಟ್ಟುಕೊಂಡದ್ದು ಉಪಯೋಗಕ್ಕೆ ಬಂತು. ಡಿಸ್ಕು ಇನ್ನೂ ಬೆಚ್ಚಗಿತ್ತು. ಅದನ್ನು ಸೆರಗಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

"ಇನ್ನು ನಾನು ಹೇಗೆ ಮಾಡ್ಲಿ ಅಕ್ಕ?" ಎಂದಳು ಆ ಹೆಂಗಸು, ಮೆಲ್ಲಗೆ.

"ನಿಂದೇ ಒಂದು ಪಟ್ಟಿ ಶುರು ಮಾಡು. ಎಲ್ಲಿದೆ ಅಂತ ಯಾರಿಗೂ ಹೇಳ್ಬೇಡ."

ಸಂಜೆ ಗಂಡ ಬಂದಾಗ ಡಿಸ್ಕು ನಡುಮನೆಯ ಮೇಜಿನ ಮೇಲೆ, ಅವನ ಚಹಾ ಇರಬೇಕಾದ ಜಾಗದಲ್ಲಿತ್ತು. ಅವನು ಚೀಲ ಕೆಳಗಿಡದೆ ಅದನ್ನು ನೋಡಿದ. ತಮ್ಮ ಆಗಲೇ ಫೋನು ಮಾಡಿರಬೇಕು, ಆಶ್ಚರ್ಯ ಪಡುವ ಗೋಜಿಗೆ ಹೋಗಲಿಲ್ಲ.

"ಸತ್ತದ್ದು ಬದುಕಿಬಂತು ನೋಡಿ" ಎಂದಳು.

"ನೋಡೇ, ನಿನ್ನ ಒಳ್ಳೇದಕ್ಕೇ ಮಾಡಿದ್ದು. ಬೆನ್ನು ನೋವು, ಕಣ್ಣು ಉರಿ ಅಂತ ನೀನೇ ಅಂತಿದ್ದೆ."

"ಬೆನ್ನು ನೋವು ಅಂದೆ. ಕೆಲಸ ಬೇಡ ಅಂದೆನಾ?"

"ಅವನಿಗೂ ಒಂದು ದಾರಿ ಆಗ್ಬೇಕಿತ್ತು. ಗಂಡು ಹುಡುಗ, ಎಷ್ಟು ದಿನ ಹಾಗೇ ಅಲೀತಾನೆ? ನಿನಗೇನಾಗ್ಬೇಕು, ನಾನಿದೀನಲ್ಲ."

"ಹೌದು. ನೀವಿದೀರ ಅಂತಾನೇ ಅವತ್ತು ರಿಪೇರಿ ಅಂಗಡಿಗೆ ಬರ್ಲಿಲ್ಲ ನಾನು. ಇಲ್ಲಿ ಅಡುಗೆ ಮಾಡ್ಕೊಂಡಿದ್ದೆ. ನನ್ನ ಕೈಯಿಂದ ಕೆಲಸ ಕಿತ್ಕೊಂಡಿದ್ದಕ್ಕೆ ನಾನೇ ಊಟ ಹಾಕಿದೀನಿ ಊರಿಗೆಲ್ಲ."

ಅತ್ತೆ ಕುರ್ಚಿಯಿಂದಲೇ, "ಮನೆ ಮಾತು ಬೀದಿಗೆ ಬೇಡ ಕಣಮ್ಮ. ಅವನೂ ನಿನ್ನ ಮಗನ ಹಾಗೇ ಅಲ್ವಾ" ಎಂದರು.

"ನಿಮಗೂ ಗೊತ್ತಿತ್ತಾ ಅತ್ತೆ?"

ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಅದರಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ ಅವಳೇ ಒರೆಸಿಟ್ಟಿದ್ದಳು.

ಗಂಡನ ದನಿ ಏರಿತು. "ಸರಿ, ಕೇಳಿದ್ದಿದ್ರೆ? ಕೇಳಿದ್ದಿದ್ರೆ ನೀನು ಕೊಡ್ತಿದ್ಯಾ?"

ಅವಳು ಸುಳ್ಳು ಹೇಳಬಹುದಿತ್ತು. ಕೇಳಿದ್ದರೆ ಸಂತೋಷವಾಗಿ ಕೊಡುತ್ತಿದ್ದೆ ಎಂದು ಹೇಳಿದರೆ ಅವನು ಇನ್ನಷ್ಟು ಸಣ್ಣವನಾಗುತ್ತಿದ್ದ. ಅವಳು ನಿಜವಾಗಿ ಯೋಚಿಸಿದಳು.

"ಕೊಡ್ತಿರ್ಲಿಲ್ಲ" ಎಂದಳು. "ಅದಕ್ಕೇ ಕೇಳ್ಬೇಕಿತ್ತು."

ಮಾರನೆಯ ದಿನ ರಿಪೇರಿಯವನನ್ನು ಅವಳೇ ಕರೆಸಿದಳು. ಅವನು ತಲೆ ಎತ್ತದೆ ಕೆಲಸ ಮಾಡಿದ. ಹಳೆಯ ಡಿಸ್ಕನ್ನು ಹೊಸದರ ಪಕ್ಕದ ಗೂಡಿನಲ್ಲಿ ಕೂರಿಸಿ, ಪಟ್ಟಿಯನ್ನೂ ಫೋಲ್ಡರುಗಳನ್ನೂ ಹೊಸದಕ್ಕೆ ಇಳಿಸಿದ. "ಸರ್ ಹೇಳಿದ್ರು ಅಂತ ಸುಮ್ನಿದ್ದೆ ಅಕ್ಕ. ಕಂಪ್ಯೂಟರು ಸರ್‌ದೇ ಅಂದ್ಕೊಂಡೆ" ಎಂದ. "ದುಡ್ಡು ಯಾರು ಕೊಟ್ರು?" ಎಂದಳು. ಅವನು ಸ್ಕ್ರೂ ಬಿಗಿಯುವುದರಲ್ಲಿ ಮಗ್ನನಾದ. ಹೋಗುವ ಮುನ್ನ, "ಪಾಸ್‌ವರ್ಡ್ ಇಡಬೇಕಾ?" ಎಂದು ಕೇಳಿದ. ಹೇಗೆ ಇಡುವುದು ತೋರಿಸು ಎಂದು ಕೇಳಿ, ಅವನನ್ನು ಆಚೆ ತಿರುಗಿಸಿ ತಾನೇ ಇಟ್ಟಳು.

ಪ್ರೂಫು ಪೂರ್ತಿ ನೋಡಿ ಕೊಟ್ಟಳು. ತನ್ನ ಹಾಲಿನ ಸಾಲನ್ನು ಒಂದೊಂದು ಕಡೆಯೂ ಹುಡುಕಿ ಕೆಂಪು ಗೀಟು ಎಳೆದಳು. ಒಂದನ್ನಾದರೂ ಬಿಡಬಹುದಿತ್ತು. ಬಿಟ್ಟಿದ್ದರೆ ಆ ಪುಸ್ತಕದಲ್ಲಿ ಅವಳದೆನ್ನುವುದು ಏನಾದರೂ ಉಳಿಯುತ್ತಿತ್ತು. ಆದರೆ ವಕೀಲರು ಅವಳಿಗೇನು ಮಾಡಿದ್ದರು? ಪುಸ್ತಕ ಬಂತು. ಮೊದಲ ಪುಟದ ಹಿಂದೆ 'ಅಕ್ಷರ ಜೋಡಣೆ' ಎಂಬ ಸಾಲಿನ ಮುಂದೆ ಮೈದುನನ ಅಂಗಡಿಯ ಹೆಸರಿತ್ತು. ಮುಂದಿನ ಪುಸ್ತಕ ಯಾರಿಗೆ ಎಂದು ಪ್ರೆಸ್ಸಿನ ಯಜಮಾನರು ಇನ್ನೂ ಹೇಳಿಲ್ಲ. "ನಿಮ್ಮ ಮನೇಲಿ ಮೊದ್ಲು ಮಾತಾಡ್ಕೊಳ್ಳಿ ಅತ್ತಿಗೆ. ನಡುವೆ ನನ್ನ ಸಿಕ್ಕಿಸ್ಬೇಡಿ" ಎನ್ನುತ್ತಾರೆ. ಬಾಡಿಗೆ ಕರಾರುಗಳು ಮಾತ್ರ ಮತ್ತೆ ಬರತೊಡಗಿವೆ.

ಮನೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಆಗುತ್ತದೆ. ಮೈದುನ ಮಾತ್ರ ಈಗ ಊಟಕ್ಕೆ ಬರುವುದಿಲ್ಲ. ಅವಳು ಕರೆದಿಲ್ಲ, ಬೇಡವೆಂದೂ ಹೇಳಿಲ್ಲ. ಗಂಡ ಒಂದು ಸಂಜೆ ಕುರ್ಚಿಯಲ್ಲಿ ಕೂತು, ತೆರೆ ನೋಡಿ, "ಇದೇನು ಪಾಸ್‌ವರ್ಡ್ ಕೇಳುತ್ತೆ?" ಎಂದ.

"ಏನು ಬೇಕು ಹೇಳಿ, ತೆಗೆದುಕೊಡ್ತೀನಿ."

"ನನ್ನ ಮನೇಲಿ ನನಗೇ ಬೀಗನಾ?"

"ನಿಮ್ಮ ಭಾಗ ಚೆನ್ನಾಗೇ ಇದೆ. ಏನು ಬೇಕು ಹೇಳಿ."

ಅವನು ಎದ್ದು ಟೀವಿಯ ಮುಂದೆ ಹೋಗಿ ಕೂತ. ಮಗಳು ಅಮ್ಮನ ಹತ್ತಿರ ಸರಿದು ಬಂದು, "ನನಗಾದ್ರೂ ಹೇಳಮ್ಮ. ಯಾರಿಗೂ ಹೇಳಲ್ಲ" ಎಂದು ಪಿಸುಗುಟ್ಟಿದಳು. ಅವಳು ಮಗಳ ಮುಖ ನೋಡಿದಳು. ಅಪ್ಪ ತಲೆ ಸವರಿ ಕೇಳಿದರೆ ಏನನ್ನೂ ಮುಚ್ಚಿಡಲಾರದ ಮುಖ. ಹೇಳಬೇಕೆನ್ನಿಸಿತು. ಇಲ್ಲಿಯತನಕ ಈ ಮಗುವಿನಿಂದ ಬಚ್ಚಿಟ್ಟದ್ದು ಎಂದರೆ ತಿಂಡಿಯ ಡಬ್ಬ ಒಂದೇ.

"ನಿನ್ನ ಪ್ರಾಜೆಕ್ಟಿಗೆ ಬೇಕಾದಾಗ ನಾನೇ ತೆಗೀತೀನಿ, ಪುಟ್ಟಿ" ಎಂದಳು.

ಮಗಳು ಎದ್ದು ಹೋದಳು. ಅವಳ ಹೆಜ್ಜೆಯ ಸದ್ದು ದೂರವಾಗುತ್ತಿದ್ದಂತೆ ಟೈಪ್ ಅತ್ತಿಗೆ ಮುಂದಿದ್ದ ಕರಾರಿನ ಹಾಳೆ ಎತ್ತಿಕೊಂಡು 'ಮೇವಿ' ಹೊಡೆದಳು. ಸಾಲು ಬಿಚ್ಚಿಕೊಂಡಿತು.

ಅಡುಗೆಮನೆಯಲ್ಲಿ ಹಾಲು ಏರುವ ಸದ್ದು ಕೇಳಿಸಿತು. ಬೆರಳು ಅಭ್ಯಾಸದಿಂದ ಕಾಮಾದ ಕಡೆ ಹೋಯಿತು, ಅಲ್ಲೇ ನಿಂತಿತು. ಈಗ ಅವಳು ಎಲ್ಲಿಂದ ಎದ್ದೆ ಎಂದು ಬರೆದಿಟ್ಟು ಹೋಗುವುದಿಲ್ಲ. ತೆರೆಗೆ ಬೀಗ ಹಾಕಿ, ಅದು ಕಪ್ಪಾದದ್ದನ್ನು ನೋಡಿಕೊಂಡು, ಆಮೇಲೆ ಒಲೆಯ ಕಡೆ ಹೋಗುತ್ತಾಳೆ. ಅಷ್ಟರಲ್ಲಿ ಹಾಲು ಒಂದಿಷ್ಟು ಚೆಲ್ಲಿರುತ್ತದೆ.